ಘಟ್ಟದ ಕೆಳಗಿನ ಕಡಲ ಸಂಗ್ರಹಾಲಯ: ಕೊಡಗಿನವರ ಕಣ್ಣಲ್ಲಿ ಅದರ ಸಾರ್ವಜನಿಕ ಕಾರ್ಯಕ್ರಮಗಳು

ಕೊಡಗಿಗೆ ಸಮುದ್ರ ತೀರವಿಲ್ಲ. ಹೀಗಿರುವಾಗ ಕಡಲ ಇತಿಹಾಸದ ಸಂಗ್ರಹಾಲಯವೊಂದರ ಬಗ್ಗೆ ಮಡಿಕೇರಿಯಲ್ಲಿ ಕುಳಿತು ಬರೆಯುವುದೇಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. ಆದರೆ ನಮ್ಮ ಜಿಲ್ಲೆಯ ಪಶ್ಚಿಮದ ಇಳಿಜಾರಿನಲ್ಲಿ ಬೀಳುವ ಮಳೆಯ ನೀರು ಕಾವೇರಿಗೆ ಸೇರುವುದಿಲ್ಲ. ಅದು ಬರಪೊಳೆಯಾಗಿ ಕಣ್ಣೂರಿನ ವಳಪಟ್ಟಣಂ ಹೊಳೆಯನ್ನೂ, ಪಯಸ್ವಿನಿಯಾಗಿ ಸುಳ್ಯದ ಮೇಲೆ ಹರಿದು ಕಾಸರಗೋಡಿನ ಚಂದ್ರಗಿರಿಯನ್ನೂ ಸೇರಿ ಅರಬ್ಬೀ ಸಮುದ್ರವನ್ನೇ ಮುಟ್ಟುತ್ತದೆ. ನಮ್ಮ ಮೆಣಸು, ಏಲಕ್ಕಿ, ಆಮೇಲೆ ಕಾಫಿ ಹೋದದ್ದೂ ಹೆಚ್ಚಾಗಿ ಅದೇ ದಿಕ್ಕಿಗೆ. ಉಪ್ಪು ಮತ್ತು ಒಣಮೀನು ಹೇರೆತ್ತುಗಳ ಬೆನ್ನೇರಿ ಬಂದದ್ದೂ ಅಲ್ಲಿಂದಲೇ. ಹೀಗಾಗಿ ಕರಾವಳಿಯಲ್ಲಿ ನಿವೃತ್ತ ಅಧ್ಯಾಪಕರು, ಹಳೆಯ ಮೀನುಗಾರರು ಮತ್ತು ಕೆಲವು ಯುವಕರು ಸೇರಿ ನಡೆಸುತ್ತಿರುವ ಈ ಸಣ್ಣ ಸಂಗ್ರಹಾಲಯದ ಕಾರ್ಯಕ್ರಮಗಳಿಗೆ ನಮ್ಮ ಓದುಗರ ಬಳಗದವರು ಮಕ್ಕಳನ್ನೂ ಕರೆದುಕೊಂಡು ಹೋಗತೊಡಗಿದ್ದು ಅಂಥ ವಿಚಿತ್ರವೇನಲ್ಲ. ಸಂಸ್ಥೆಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹೊಗಳಿಕೆಯ ಜೊತೆಗೆ ಕೆಲವು ದೂರುಗಳೂ ಇವೆ, ಮತ್ತು ಸಂಬಳವಿಲ್ಲದೆ ದುಡಿಯುವವರನ್ನು ಹೆಸರು ಹಿಡಿದು ದೂರುವುದು ನನಗೆ ಸರಿಕಾಣುವುದಿಲ್ಲ.

ಮೊದಲು ಸಂಗ್ರಹದ ವಿಷಯವನ್ನು ಬೇಗ ಮುಗಿಸುತ್ತೇನೆ. ಹೆಂಚಿನ ಮಾಡಿನ ಹಳೆಯ ಗೋದಾಮಿನ ಎರಡು ಕೋಣೆಗಳಲ್ಲಿ ಪತ್ತೇಮಾರಿ, ಮಂಜಿ, ಉರು ಮುಂತಾದ ಹಡಗುಗಳ ಮರದ ಮಾದರಿಗಳು, ತುಕ್ಕು ಹಿಡಿದ ಲಂಗರು, ಒಂದಿಷ್ಟು ನಕಾಶೆ, ದಿಕ್ಸೂಚಿ, ತೂಕದ ಕಲ್ಲುಗಳು ಇವೆ. ವಿವರಣೆಯ ಫಲಕಗಳು ಚಿಕ್ಕ ಅಕ್ಷರದಲ್ಲಿವೆ, ಬೆಳಕು ಸಾಲದು. ಒಂದು ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಇಷ್ಟಕ್ಕಾಗಿಯೇ ಸಂಪಾಜೆ ಘಾಟಿ ಇಳಿದು ಹೋಗಿ ಎಂದು ನಾನು ಯಾರಿಗೂ ಹೇಳಲಾರೆ. ಮಕ್ಕಳಿಗೆ ನಿಜವಾದ ಹಡಗನ್ನು ತೋರಿಸಬೇಕೆಂದರೆ ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯ ಒಳಗೇ ಹೊಕ್ಕು ನೋಡಬಹುದು. ಸೇನೆಯ ಚರಿತ್ರೆ ಬೇಕೆಂದರೆ ಮಡಿಕೇರಿಯಲ್ಲೇ ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ 2021ರಿಂದ ಸಂಗ್ರಹಾಲಯವಾಗಿ ತೆರೆದಿದೆ. ಈ ಸಣ್ಣ ಸಂಸ್ಥೆಯ ಹೆಚ್ಚುಗಾರಿಕೆ ಗಾಜಿನ ಪೆಟ್ಟಿಗೆಗಳಲ್ಲಿಲ್ಲ. ಅದಿರುವುದು ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ಸಲ ಅವರು ನಡೆಸುವ ಉಪನ್ಯಾಸ, ಕಾರ್ಯಾಗಾರ ಮತ್ತು ನಡಿಗೆಗಳಲ್ಲಿ.

ಆ ಎಲ್ಲದರಲ್ಲೂ ಕೊಡಗಿನವರು ತಪ್ಪಿಸಿಕೊಳ್ಳಬಾರದ ಕಾರ್ಯಕ್ರಮವೆಂದರೆ ಕಾಫಿ ಮತ್ತು ಹಾಯಿಹಡಗಿನ ಕುರಿತಾದದ್ದು. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ 1854ರಲ್ಲಿ ಆರಂಭವಾಯಿತು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ಕಾಲದ ಕಾಫಿ ಕಣದಿಂದ ಹೊರಟ ಮೇಲೆ ಏನಾಗುತ್ತಿತ್ತು ಎಂಬುದರ ಕಡೆಗೆ ಮಾತ್ರ ನಮ್ಮ ಗಮನ ಹೋಗುವುದಿಲ್ಲ; ಕಾಫಿ ವ್ಯಾಪಾರಿಯ ಲಾರಿ ಗೇಟು ದಾಟಿತೆಂದರೆ ನಮ್ಮ ಪಾಲಿನ ಕಥೆ ಮುಗಿಯಿತು. ಈ ಉಪನ್ಯಾಸ ಆರಂಭವಾಗುವುದೇ ಅಲ್ಲಿಂದ. ಮಂಗಳೂರಿನಿಂದಲೋ ತಲಚೇರಿಯಿಂದಲೋ ಹೊರಟ ಹಾಯಿಹಡಗು ಆಫ್ರಿಕಾದ ದಕ್ಷಿಣದ ತುದಿಯನ್ನು ಸುತ್ತಿಕೊಂಡು ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನ ಮರದ ಹಡಗಿನ ಹೊಟ್ಟೆಯಲ್ಲಿ, ಕಡಲ ತೇವದ ನಡುವೆ ಕುಳಿತ ಬೀಜ ಊದಿಕೊಂಡು, ಹಸಿರು ಬಣ್ಣ ಕಳೆದುಕೊಂಡು ಮಾಸಲು ಹಳದಿಗೆ ತಿರುಗುತ್ತಿತ್ತು. ಅದರ ಹುಳಿಯೂ ತಗ್ಗುತ್ತಿತ್ತು. ಯುರೋಪಿನ ಗಿರಾಕಿಗಳು ಆ ರುಚಿಗೆ ಹೊಂದಿಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳ ಕಾಲ ಬಂದು ಪ್ರಯಾಣದ ಅವಧಿ ಇಳಿದಾಗ ಕಾಫಿ ಹಸಿರಾಗಿಯೇ ತಲುಪತೊಡಗಿತು, ಮತ್ತು ಆ ಗಿರಾಕಿಗಳಿಗೆ ಅದು ರುಚಿಸಲಿಲ್ಲ. ಕಳೆದುಹೋದ ಆ ರುಚಿಯನ್ನು ದಡದ ಮೇಲೆಯೇ ಮರಳಿ ತರಲು ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ಕಾಫಿ ಬೀಜವನ್ನು ಹದಮಾಡುವ ಕಾರ್ಖಾನೆಗಳಲ್ಲಿ, ಬೆಳೆದ ವಿಧಾನವೇ ಇಂದು ‘ಮಾನ್ಸೂನ್ಡ್ ಮಲಬಾರ್’ ಎಂದು ಮಾರಾಟವಾಗುವ ಕಾಫಿ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ.

ಇಷ್ಟನ್ನು ಬಾಯಲ್ಲಿ ಹೇಳಿ ಬಿಟ್ಟಿದ್ದರೆ ಅದು ಇನ್ನೊಂದು ಭಾಷಣವಾಗುತ್ತಿತ್ತು. ಆದರೆ ಅವರು ಎರಡು ಮೊರಗಳನ್ನು ಮೇಜಿನ ಮೇಲಿಟ್ಟಿದ್ದರು. ಒಂದರಲ್ಲಿ ಸಾಮಾನ್ಯ ಅರೇಬಿಕಾ ಚೆರಿ ಕಾಫಿಯ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಸಿಪ್ಪೆ ತೆಗೆದ ಬೀಜ, ಇನ್ನೊಂದರಲ್ಲಿ ಮಳೆಗಾಳಿಗೆ ಒಡ್ಡಿದ ಬೀಜ. ಎರಡನೆಯದನ್ನು ಅಂಗೈಗೆ ಸುರಿದುಕೊಂಡರೆ ಬೀಜ ದಪ್ಪ, ಆದರೆ ಕೈಗೆ ಹಗುರ. ನಡುವಿನ ಗೀರು ಬಾಯಿ ಬಿಟ್ಟಂತೆ ಅಗಲವಾಗಿರುತ್ತದೆ. ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯದೆ ಸ್ವಲ್ಪ ಮೆತ್ತಗೆ ಬಗ್ಗುತ್ತದೆ. ನಮ್ಮ ಬಳಗದಲ್ಲಿದ್ದ ಬೆಳೆಗಾರರೊಬ್ಬರು ಅದನ್ನು ಮೂಸಿ ನೋಡಿ, ಇಂಥ ಮಾಲನ್ನು ನಮ್ಮ ಕಣದಿಂದ ಒಯ್ದಿದ್ದರೆ ವ್ಯಾಪಾರಿ ಚೀಲವನ್ನೇ ಕೆಳಗಿಳಿಸಲು ಬಿಡುತ್ತಿರಲಿಲ್ಲ ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ಅರೇಬಿಕಾ ಚೆರಿಯಾದರೆ ತೇವಾಂಶ ಶೇ 12, ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು) ಆದರೆ ಶೇ 10 ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ; ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಕಣಕ್ಕೆ ಓಡುತ್ತೇವೆ. ಕರಾವಳಿಯಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗೋಡೆಗಳು ತೆರೆದಿರುವ ಗೋದಾಮಿನ ನೆಲದ ಮೇಲೆ ಬೀಜವನ್ನು ಹರಡಿ, ಆಗಾಗ ಕೈಯಾಡಿಸಿ, ಆಮೇಲೆ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ, ಚೀಲಗಳ ನಡುವೆ ಗಾಳಿ ನುಗ್ಗುವಂತೆ ಸಾಲು ಬಿಟ್ಟು ಜೋಡಿಸಿ, ಮತ್ತೆ ಸುರಿದು ಮತ್ತೆ ತುಂಬಿ, ಬೇಕೆಂದೇ ಮಳೆಗಾಳಿ ಕುಡಿಸುತ್ತಾರೆ. ಮಳೆಗೆ ನೆನೆಸುವುದಿಲ್ಲ, ತೇವದ ಗಾಳಿಗೆ ಮಾತ್ರ ಒಡ್ಡುತ್ತಾರೆ ಎಂಬ ಸೂಕ್ಷ್ಮವನ್ನು ಉಪನ್ಯಾಸಕರು ಒತ್ತಿ ಹೇಳಿದ್ದು ಒಳ್ಳೆಯದಾಯಿತು. ಇಲ್ಲವಾದರೆ ನಮ್ಮಲ್ಲಿ ಕೆಲವರು ಬೂಷ್ಟು ಹಿಡಿದ ಕಾಫಿಗೂ ಅದೇ ಹೆಸರು ಕೊಟ್ಟು ಮಾರಲು ನೋಡುತ್ತಿದ್ದರೇನೋ.

ಕೊನೆಯಲ್ಲಿ ಎರಡೂ ಬಗೆಯ ಕಾಫಿಯನ್ನು ಹಾಲು ಹಾಕದೆ ಸಣ್ಣ ಲೋಟಗಳಲ್ಲಿ ಕೊಟ್ಟರು. ಮಳೆಗಾಳಿಯ ಕಾಫಿ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗಟ್ಟಿಯಾಗಿದ್ದರೂ ಅದರಲ್ಲೊಂದು ಮಣ್ಣಿನ ವಾಸನೆ ಉಳಿಯುತ್ತದೆ. ಆದರೆ ರುಚಿ ಇಷ್ಟವಾಗುವುದು ಬಿಡುವುದು ಇಲ್ಲಿ ಮುಖ್ಯವಲ್ಲ. ಸಮುದ್ರಯಾನದ ಅವಧಿ ಎಂಬ ಒಣ ಸಂಗತಿಯೊಂದು ನಾಲಗೆಗೆ ತಿಳಿಯುವಂತೆ ಮಾಡಿದ ಇನ್ನೊಂದು ಕಾರ್ಯಕ್ರಮವನ್ನು ನಾನು ಇತ್ತೀಚೆಗೆ ಕಂಡಿಲ್ಲ.

ಮಕ್ಕಳಿಗೆ ಅತಿ ಹೆಚ್ಚು ಹಿಡಿಸಿದ್ದು ಸಂಜೆಯ ನಕ್ಷತ್ರ ಕಾರ್ಯಾಗಾರ. ಅರಬ್ ನಾವಿಕರು ಬಳಸುತ್ತಿದ್ದ ‘ಕಮಾಲ್’ ಎಂಬ ಉಪಕರಣವನ್ನು ರಟ್ಟು ಮತ್ತು ದಾರದಲ್ಲಿ ಮಾಡಿಸುತ್ತಾರೆ. ರಟ್ಟಿನ ಚೌಕದ ನಡುವಿನಿಂದ ದಾರ ಹೊರಡುತ್ತದೆ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಚೌಕದ ಕೆಳಅಂಚು ದಿಗಂತವನ್ನೂ ಮೇಲಂಚು ಧ್ರುವ ನಕ್ಷತ್ರವನ್ನೂ ಮುಟ್ಟುವಂತೆ ನೋಡಬೇಕು. ಯಾವ ಗಂಟಿಗೆ ನಕ್ಷತ್ರ ಸರಿಯಾಗಿ ಕೂರುತ್ತದೋ ಅದು ಆ ಬಂದರಿನ ಗಂಟು. ಮರಳಿ ಬರುವಾಗ ನಡುಗಡಲಿನಲ್ಲಿ ಅದೇ ಗಂಟಿಗೆ ನಕ್ಷತ್ರ ಕೂರುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸಾಗಿ, ಆಮೇಲೆ ನೇರವಾಗಿ ಪೂರ್ವಕ್ಕೆ ಹಾಯಿ ತಿರುಗಿಸಿದರೆ ತನ್ನ ಬಂದರು ಸಿಗುತ್ತದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ಆ ಸ್ಥಳದ ಅಕ್ಷಾಂಶ ಎಂಬ ಪಾಠ ಪುಸ್ತಕದಲ್ಲಿ ಓದಿದಾಗ ತಲೆಗೆ ಹತ್ತದ ಮಕ್ಕಳಿಗೂ ಇಲ್ಲಿ ಹತ್ತಿತು. ಅಳಿವೆಯ ತಡೆಗೋಡೆಯ ಮೇಲೆ ನಿಲ್ಲಿಸಿ ಇದನ್ನು ಮಾಡಿಸುತ್ತಾರೆ. ಅಲ್ಲಿಯೂ ಉತ್ತರಕ್ಕೆ ಪೂರ್ತಿ ನೀರಿನ ದಿಗಂತವಿಲ್ಲ, ತೀರದ ತೆಂಗಿನ ಸಾಲು ಅಡ್ಡ ಬರುತ್ತದೆ. ಆದರೆ ನೆಲ ತಗ್ಗಾಗಿರುವುದರಿಂದ ಅಂದಾಜಿಗೆ ಕೊರತೆಯಾಗುವುದಿಲ್ಲ.

ತೊಂದರೆ ಶುರುವಾದದ್ದು ಊರಿಗೆ ಬಂದ ಮೇಲೆ. ಮನೆಯಲ್ಲೂ ಅಳತೆ ಮಾಡಿ ಬರೆದು ಕಳಿಸಿ ಎಂದು ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟಿದ್ದರು. ಮಡಿಕೇರಿ ಇರುವುದು ಸುಮಾರು 12 ಡಿಗ್ರಿ 25 ನಿಮಿಷ ಉತ್ತರ ಅಕ್ಷಾಂಶದಲ್ಲಿ. ಅಂದರೆ ಧ್ರುವ ನಕ್ಷತ್ರ ಇಲ್ಲಿ ತೀರ ಕೆಳಗೆ, ಚಾಚಿದ ಕೈಯ ಮುಷ್ಟಿಗಿಂತ ತುಸು ಮೇಲೆ ಮಾತ್ರ ಇರುತ್ತದೆ. ನಮ್ಮಲ್ಲಿ ಆ ಎತ್ತರದಲ್ಲಿ ಗುಡ್ಡವಿದೆ, ಗುಡ್ಡದ ಮೇಲೆ ಸಿಲ್ವರ್ ಮರವಿದೆ, ಇವೆರಡೂ ಇಲ್ಲದಿದ್ದರೆ ಮಂಜಿದೆ. ಬೆಟ್ಟದ ಊರಿನವರಿಗೆ ಸಮತಟ್ಟಾದ ದಿಗಂತವೇ ಇರುವುದಿಲ್ಲ ಎಂಬುದು ಹಾಳೆ ಬರೆದವರಿಗೆ ಹೊಳೆದಿಲ್ಲ. ಉದ್ದದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಗಾರೆಯವರು ಮಟ್ಟ ನೋಡುವಂತೆ ನಾವೇ ಒಂದು ಸುಳ್ಳು ದಿಗಂತವನ್ನು ಗುರುತು ಮಾಡಿಕೊಂಡು, ಗುಡ್ಡ ತಗ್ಗಿದ್ದ ಕಡೆ ಹುಡುಕಿ ಅಳೆದೆವು. ಉತ್ತರ ಅಷ್ಟೇನೂ ತಪ್ಪಾಗಲಿಲ್ಲ. ಮುಂದಿನ ಸಲ ಹಾಳೆ ಅಚ್ಚು ಹಾಕಿಸುವಾಗ ಈ ಉಪಾಯವನ್ನೂ ಸೇರಿಸಿದರೆ ಘಟ್ಟದ ಮೇಲಿನ ಮಕ್ಕಳಿಗೆ ಅನುಕೂಲ.

ಹಗ್ಗ ಮತ್ತು ಬಲೆಯ ಕಾರ್ಯಾಗಾರವನ್ನು ನಡೆಸುವವರು ಒಬ್ಬ ಹಿರಿಯ ಮೀನುಗಾರರು. ಊರಿನ ಗಂಡಸರೆಲ್ಲ ಎರಡು ತುದಿ ಹಿಡಿದು ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲದಲ್ಲಿ ಅವರು ಹುಡುಗ. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದು ರಂಪಣಿ ಮೂಲೆ ಸೇರಿದ್ದನ್ನು ಕಂಡವರು. ಅವರ ಮಾತು ಕಡಿಮೆ, ಕೈ ಬಹಳ ನಿಧಾನ, ಆ ನಿಧಾನವೇ ಕಲಿಯುವವರಿಗೆ ವರ. ಎಷ್ಟು ಎಳೆದರೂ ಜಾರದ, ಆದರೆ ಬೇಕೆಂದಾಗ ಸಲೀಸಾಗಿ ಬಿಚ್ಚಿಕೊಳ್ಳುವ ಕುಣಿಕೆಯನ್ನು ಅವರು ತೋರಿಸುತ್ತಿದ್ದಾಗ ನಮ್ಮ ಹುಡುಗನೊಬ್ಬ, “ಅಜ್ಜಾ, ಹಗ್ಗ ಮಳೇಲಿ ನೆಂದ್ರೂ ಇದನ್ನ ಬಿಚ್ಚೋಕೆ ಬರುತ್ತಾ?” ಎಂದು ಕೇಳಿದ. “ಬರ್ತದೆ ಮಗಾ, ನೆಂದ ಮೇಲೆ ಬಿಚ್ಚಲಿಕ್ಕೆ ಆಗದಿದ್ರೆ ಅದೆಂಥ ಗಂಟು?” ಎಂದು ಅವರು ಹಗ್ಗವನ್ನು ಪಕ್ಕದ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಹೆಬ್ಬೆರಳಿನಿಂದ ಕುಣಿಕೆಯ ಬೆನ್ನನ್ನು ಮುಂದಕ್ಕೆ ತಳ್ಳಿ ಬಿಚ್ಚಿ ತೋರಿಸಿದರು. ಮೆಣಸು ಕೊಯ್ಯಲು ಮರಕ್ಕೆ ಒರಗಿಸಿದ ಏಣಿಯ ತುದಿಯನ್ನು ಬಿಗಿಯಲು ನಮ್ಮ ತೋಟಗಳಲ್ಲಿ ಹಾಕುವ ಗಂಟು ನೆಂದರೆ ಕತ್ತಿಯಿಂದ ಕೊಯ್ಯುವುದೇ ಗತಿ. ಹೀಗಾಗಿ ಆ ದಿನದ ಪಾಠ ಮಕ್ಕಳಿಗಿಂತ ಅವರ ಜೊತೆ ಬಂದ ದೊಡ್ಡವರಿಗೆ ಹೆಚ್ಚು ಉಪಯೋಗವಾಯಿತು ಎನ್ನಬೇಕು.

ಬಂದರು ನಡಿಗೆಯನ್ನು ಮಂಗಳೂರಿನ ಹಳೆ ಬಂದರಿನಲ್ಲಿ ಏರ್ಪಡಿಸುತ್ತಾರೆ. ಪಣಂಬೂರಿನ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳೆಲ್ಲ ಆ ಕಡೆಗೆ ಹೋದವು. ಹಳೆ ಬಂದರಿನಲ್ಲಿ ಮೀನುಗಾರಿಕೆಯ ದೋಣಿಗಳೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಒಯ್ಯುವ ಮಂಜಿಗಳೂ ಉಳಿದಿವೆ. ಇಲ್ಲಿ ಮಾರ್ಗದರ್ಶಿಗಳು ಹೆಂಚಿನ ಕಥೆಯನ್ನು ಬಿಚ್ಚಿದ ರೀತಿ ಚೆನ್ನಾಗಿತ್ತು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು, ನೇತ್ರಾವತಿಯ ಜೇಡಿಮಣ್ಣು ಅದಕ್ಕೆ ಒದಗಿದ್ದು, ಅಲ್ಲಿಂದ ಹೆಂಚು ಹಡಗೇರಿ ದೂರದ ಬಂದರುಗಳಿಗೆ ಹೋದದ್ದು ಎಲ್ಲವನ್ನೂ ಸ್ಥಳದಲ್ಲೇ ನಿಂತು ಹೇಳಿದರು. ಕೊಡಗಿನ ಎಷ್ಟೋ ಐನ್‌ಮನೆಗಳ, ಅಂದರೆ ಕುಟುಂಬದ ಮೂಲಮನೆಗಳ, ಹುಲ್ಲಿನ ಮಾಡು ಹೋಗಿ ಮಂಗಳೂರು ಹೆಂಚು ಬಂದದ್ದು ಇದೇ ವ್ಯಾಪಾರದ ಇನ್ನೊಂದು ಕವಲು. ಹಾಗೆಂದು ನಾನು ಹೇಳಿದಾಗ ಮಾರ್ಗದರ್ಶಿಗಳು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಕೇಳುಗರಿಂದ ತಿಳಿದುಕೊಳ್ಳುವ ಈ ಗುಣ ನಮ್ಮ ಅನೇಕ ದೊಡ್ಡ ಸಂಸ್ಥೆಗಳಲ್ಲಿಲ್ಲ. ನಡಿಗೆಗೆ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಮೀನು ಇಳಿಸುವ ಜಾಗದಲ್ಲಿ ನೆಲ ಯಾವಾಗಲೂ ಒದ್ದೆ.

ನಿರಾಸೆ ತಂದದ್ದು ಬೆನ್ ಯಿಜು ಕುರಿತ ಸಂಜೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾದ ಕಡೆಯಿಂದ ಬಂದು ಮಂಗಳೂರಿನಲ್ಲಿ ಹತ್ತಾರು ವರ್ಷ ನೆಲೆಸಿ, ಅಡಿಕೆ, ಮೆಣಸು, ಕಬ್ಬಿಣಗಳನ್ನು ಏಡನ್ನಿಗೆ ಕಳಿಸುತ್ತಾ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದ ಯಹೂದಿ ವ್ಯಾಪಾರಿಯ ಪತ್ರಗಳು ಕೈರೋದ ಪ್ರಾರ್ಥನಾ ಮಂದಿರವೊಂದರ ಹಳೆ ಕಾಗದಗಳ ರಾಶಿಯಲ್ಲಿ ಉಳಿದುಕೊಂಡವು. ಕಥೆ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಕ್ಕೀತು? ಆದರೆ ಅಂದು ಬಂದಿದ್ದ ಭಾಷಣಕಾರರು ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಕೇಳುತ್ತಿದ್ದವರಲ್ಲಿ ಮುಕ್ಕಾಲು ಪಾಲು ಕನ್ನಡ ಶಾಲೆಯ ಮಕ್ಕಳು. ಅರ್ಧದಲ್ಲೇ ಅವರು ಹೊರಗಿನ ಲಂಗರಿನ ಮೇಲೆ ಹತ್ತಿ ಆಡತೊಡಗಿದ್ದರಲ್ಲಿ ಮಕ್ಕಳ ತಪ್ಪೇನೂ ಇರಲಿಲ್ಲ. ಸ್ಥಳೀಯ ಸ್ವಯಂಸೇವಕರು ತಾವೇ ನಡೆಸುವ ಕಾರ್ಯಕ್ರಮಗಳಿಗೂ ಹೊರಗಿನವರನ್ನು ಕರೆಸಿ ನಡೆಸುವ ಕಾರ್ಯಕ್ರಮಗಳಿಗೂ ಗುಣಮಟ್ಟದಲ್ಲಿ ಇಷ್ಟು ಅಂತರವಿರುವುದನ್ನು ಸಂಘಟಕರು ಗಮನಿಸಬೇಕು. ಆಮಂತ್ರಣದಲ್ಲಿ ಭಾಷಣಕಾರರ ಪದವಿಗಳ ಪಟ್ಟಿ ಉದ್ದವಿದ್ದರೆ ನಾನೀಗ ಸ್ವಲ್ಪ ಹಿಂದೆ ಮುಂದೆ ನೋಡುತ್ತೇನೆ.

ಇದಕ್ಕೆ ತದ್ವಿರುದ್ಧವಾಗಿ, ಅವರೇ ಘಟ್ಟ ಹತ್ತಿ ಬಂದು ಮಡಿಕೇರಿಯಲ್ಲಿ ನಡೆಸಿಕೊಟ್ಟ ಉಪನ್ಯಾಸ ಬಹುಕಾಲ ನೆನಪಿನಲ್ಲಿ ಉಳಿಯುವಂಥದು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1790ರಲ್ಲಿ ತಲಚೇರಿಯ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡದ್ದು, ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆಗೆ ಸಾಗಿದ್ದು, 1791ರಲ್ಲಿ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ರಾಜ ಮರುವರ್ಷ ವಿರಾಜಪೇಟೆಯನ್ನು ಕಟ್ಟಿಸಿದ್ದು ನಮಗೆ ಶಾಲೆಯಿಂದಲೇ ಗೊತ್ತಿರುವ ವಿಷಯ. ಆದರೆ ನಾವು ಅದನ್ನು ಓದಿರುವುದು ಯಾವಾಗಲೂ ಕೋಟೆಯ ಒಳಗಿನಿಂದ. ಉಪನ್ಯಾಸಕರು ಅದನ್ನು ಕಡಲಿನಿಂದ ಹೇಳಿದರು. ಪಶ್ಚಿಮ ಕರಾವಳಿಯ ತೆರೆದ ಬಂದರುಗಳಲ್ಲಿ ಮಳೆಗಾಲ ಶುರುವಾದರೆ ಹಡಗು ಲಂಗರು ಹಾಕುವಂತಿರಲಿಲ್ಲ. ಫಿರಂಗಿ, ಮದ್ದು, ಅಕ್ಕಿ ಏನೇ ಇಳಿಸಬೇಕಿದ್ದರೂ ಮಳೆ ಹಿಡಿಯುವ ಮೊದಲು ಇಳಿಸಿ, ಘಟ್ಟದ ದಾರಿ ಕೆಸರಾಗುವ ಮೊದಲು ಮೇಲಕ್ಕೆ ಸಾಗಿಸಬೇಕಿತ್ತು. ಕೊಡಗಿನ ರಾಜನ ಸ್ನೇಹಕ್ಕೆ ಈಸ್ಟ್ ಇಂಡಿಯಾ ಕಂಪನಿಯವರು ಅಷ್ಟು ಬೆಲೆ ಕೊಟ್ಟದ್ದೇಕೆಂದು ಈ ಕ್ಯಾಲೆಂಡರನ್ನು ಮುಂದಿಟ್ಟುಕೊಂಡಾಗ ಚೆನ್ನಾಗಿ ತಿಳಿಯುತ್ತದೆ. ಪ್ರಶ್ನೋತ್ತರದ ಹೊತ್ತಿನಲ್ಲಿ ಕಕ್ಕಬ್ಬೆ ಕಡೆಯ ಹಿರಿಯರೊಬ್ಬರು ಎದ್ದು ನಿಂತು, ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ದೇವಸ್ಥಾನದ ಉತ್ಸವಕ್ಕೆ ಕೊಡಗಿನಿಂದ ಎತ್ತುಗಳ ಮೇಲೆ ಅಕ್ಕಿ ಒಯ್ಯುವ ಪದ್ಧತಿಯನ್ನೂ, ಕೊಡವರ ಮಳೆ ದೇವರಾದ ಇಗ್ಗುತಪ್ಪನೂ ಅವನ ಒಡಹುಟ್ಟಿದವರೂ ಮಲೆಯಾಳ ನಾಡಿನ ಕಡೆಯಿಂದ ಬಂದರೆನ್ನುವ ನಮ್ಮ ಹಾಡುಗಳನ್ನೂ ಎತ್ತಿದರು. ಸಭಾಂಗಣದವರು ದೀಪ ಆರಿಸುವವರೆಗೂ ಆ ಚರ್ಚೆ ನಡೆಯಿತು.

ಇನ್ನು ನನ್ನ ಮುಖ್ಯ ದೂರು, ಕಾರ್ಯಕ್ರಮಗಳ ಕಾಲದ ಬಗ್ಗೆ. ಬೆಳಗಿನ ಒಂಬತ್ತೂವರೆಗೆ ಆರಂಭ ಎಂದರೆ ಮಡಿಕೇರಿಯವರು ಕತ್ತಲಲ್ಲೇ ಹೊರಡಬೇಕು. ಗೋಣಿಕೊಪ್ಪ, ಪೊನ್ನಂಪೇಟೆಯವರ ಪಾಡು ಕೇಳುವುದೇ ಬೇಡ. ನಕ್ಷತ್ರ ಕಾರ್ಯಾಗಾರ ಮುಗಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಆಮೇಲೆ ಮಕ್ಕಳೊಡನೆ ಘಾಟಿ ಹತ್ತುವುದು ಹಿತವಲ್ಲ; ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಂಡೇ ಹೋಗಬೇಕು. ಇದಕ್ಕಿಂತ ತೊಡಕಿನದು ಋತುವಿನ ಸಮಸ್ಯೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುವುದರಿಂದ ಮೀನುಗಾರರಿಗೆ ಬಿಡುವಿರುವುದು ಆಗಲೇ, ಮತ್ತು ಬಲೆ ದುರಸ್ತಿ ನಡೆಯುವುದೂ ಆಗಲೇ. ಹಾಗಾಗಿ ಸಂಗ್ರಹಾಲಯದ ಅತ್ಯುತ್ತಮ ಕಾರ್ಯಾಗಾರಗಳು ಆ ಎರಡು ತಿಂಗಳಲ್ಲೇ ಬರುತ್ತವೆ. ನಮಗೆ ಅದು ಗಾಳಿಮಳೆಯ ಕಾಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜಾರಿ ರಸ್ತೆಯೇ ಕಡಿದುಹೋದದ್ದನ್ನು ಕಂಡವರು ಮಳೆಗಾಲದಲ್ಲಿ ಶಾಲಾ ಬಸ್ಸನ್ನು ಆ ದಾರಿಯಲ್ಲಿ ಕಳಿಸಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನವೆಂಬರಿನಿಂದ ಮಾರ್ಚಿಯವರೆಗೆ ಅರೇಬಿಕಾ, ರೋಬಸ್ಟಾ, ಮೆಣಸು ಎಂದು ಒಂದರ ಹಿಂದೊಂದು ಕೊಯ್ಲು ಬಂದು ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಕೆಲವು ವಾರ, ಮತ್ತು ಏಪ್ರಿಲ್. ಈ ಅವಧಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹಗ್ಗ, ಕಾಫಿ, ಕಮಾಲ್ ಮೂರನ್ನೂ ಒಂದೇ ವಾರಾಂತ್ಯಕ್ಕೆ ಜೋಡಿಸಿದರೆ ಘಟ್ಟದ ಮೇಲಿನವರು ಹೆಚ್ಚು ಸಂಖ್ಯೆಯಲ್ಲಿ ಹೋಗಲು ಸಾಧ್ಯ ಎಂದು ನಾವು ಬರೆದು ಕೊಟ್ಟಿದ್ದೇವೆ. ನೋಡೋಣ ಎಂದಿದ್ದಾರೆ.

ಉಳಿದ ವಿವರಗಳು ಹೆಚ್ಚೇನಿಲ್ಲ. ಪ್ರವೇಶ ಶುಲ್ಕ ಯಾರಿಗೂ ಹೊರೆಯಾಗುವಂಥದಲ್ಲ. ವಾಟ್ಸ್ಆ್ಯಪ್‌ನಲ್ಲಿ ಮುಂಚಿತವಾಗಿ ಹೆಸರು ಕೊಡಬೇಕು. ಹಗ್ಗದ ಕಾರ್ಯಾಗಾರಕ್ಕೆ ಜಾಗ ಬೇಗ ತುಂಬುತ್ತದೆ. ಮಧ್ಯಾಹ್ನ ಪಕ್ಕದ ಮನೆಯವರು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿ ಬಡಿಸುತ್ತಾರೆ, ಸಸ್ಯಾಹಾರಿಗಳು ಮೊದಲೇ ತಿಳಿಸಿರಬೇಕು. ಮೆಟ್ಟಿಲು ಹತ್ತಲಾರದವರಿಗೆ ಮೇಲಿನ ಕೋಣೆ ಸಿಗುವುದಿಲ್ಲ, ಆದರೆ ಉಪನ್ಯಾಸಗಳು ಕೆಳಗೇ ನಡೆಯುತ್ತವೆ. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ನಡಿಗೆಗೆ ಕರೆದುಕೊಂಡು ಹೋಗದಿರುವುದು ಲೇಸು. ಬಂದರಿನ ಅಂಚಿಗೆ ತಡೆಬೇಲಿಯಿಲ್ಲ.

ಕೊಡಗಿನ ಶಾಲೆಗಳು ತಮ್ಮಲ್ಲಿಗೇ ಕರೆದರೆ ಅವರು ಕಮಾಲ್ ಮತ್ತು ಹಗ್ಗದ ಸಾಮಗ್ರಿಗಳೊಡನೆ ಬರುತ್ತಾರೆ. ಸಭಾಂಗಣ, ಊಟ ಮತ್ತು ಹೋಗಿಬರುವ ಖರ್ಚನ್ನು ಶಾಲೆ ನೋಡಿಕೊಂಡರೆ ಸಾಕು, ಬೇರೆ ಸಂಭಾವನೆ ಕೇಳುವುದಿಲ್ಲ. ಆದರೆ ಆಗಸ್ಟ್ ಬಂತೆಂದರೆ ದೋಣಿಗಳು ಮತ್ತೆ ಕಡಲಿಗಿಳಿಯುತ್ತವೆ, ಹಗ್ಗ ಕಲಿಸುವ ಹಿರಿಯರೂ ದೋಣಿಯ ಕೆಲಸಕ್ಕೆ ತಿರುಗುತ್ತಾರೆ. ಅಕ್ಟೋಬರಿಗೆ ಅವರು ಬೇಕೆಂದಿದ್ದರೆ ಪತ್ರ ಜುಲೈ ಒಳಗೇ ಅವರ ಕೈ ಸೇರಿರಬೇಕು.